ಜಲಜಾಕ್ಷಿಯ ವಾರ್ಡಿನ ಹುಡುಗರು

ಮಲೇಶಿಯಾದ ಸುಬಾಂಗ್ ಜಯಾದಲ್ಲಿ ಜಲಜಾಕ್ಷಿಯ ಮನೆಯಿಂದ ಐದು ನಿಮಿಷ ನಡೆದರೆ ಒಂದು ಮಾಮಕ್ ಅಂಗಡಿ, ತಮಿಳು ಮುಸ್ಲಿಮರ ಚಹಾ ಹೋಟೆಲು. ಭಾನುವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಗಂಡ ಹೆಂಡತಿ ಅಲ್ಲಿ ಕೂತು ರೋಟಿ ಚನಾಯ್ ತಿಂದು, ಸಕ್ಕರೆ ಕಡಿಮೆ ಹಾಕಿಸಿದ ತೆ ತಾರಿಕ್ ಚಹಾ ಕುಡಿದು ಮನೆಗೆ ಹೋಗುವುದು ಹತ್ತು ಹನ್ನೆರಡು ವರ್ಷದ ರೂಢಿ. ಆ ಹೊತ್ತಿಗೆ ಅಂಗಡಿಯ ಮೇಜುಗಳಲ್ಲೆಲ್ಲ ಇಂಗ್ಲೆಂಡಿನ ಫುಟ್‌ಬಾಲಿನದೇ ಮಾತು. ಯಾರು ಗೆದ್ದರು, ಯಾವ ರೆಫರಿ ಕೆಡಿಸಿದ, ಯಾವ ಕೋಚನ್ನು ಓಡಿಸಬೇಕು. ಜಲಜಾಕ್ಷಿಯೂ ಫೋನು ಹಿಡಿದು ಸ್ಕೋರು ನೋಡುವುದನ್ನು ಕಂಡು ಅಂಗಡಿಯ ಯಜಮಾನ ಒಂದು ದಿನ ಕೇಳಿದ.

"ಆಂಟಿ, ನೀವು ಯಾವ ಟೀಮು? ಲಿವರ್‌ಪೂಲಾ, ಆರ್ಸೆನಲ್ಲಾ?"

"ನಂಗೆ ಟೀಮು ಇಲ್ಲ. ಆರು ಹುಡುಗರಿದ್ದಾರೆ," ಅಂದಳು ಜಲಜಾಕ್ಷಿ.

ಅವನಿಗೆ ಅರ್ಥವಾಗಲಿಲ್ಲ. ಎದುರಿಗೆ ಕೂತ ಗಂಡ ಜಯಕರ ನಗುತ್ತ, "ಆರೂ ಐರ್ಲೆಂಡಿನವರು. ಇವಳು ಅವರ ಮಲೇಶಿಯಾ ಶಾಖೆಯ ಮ್ಯಾನೇಜರ್," ಅಂದ. ಅಲ್ಲಿಂದ ಆ ಅಂಗಡಿಯಲ್ಲಿ ಅವಳಿಗೆ 'ಫುಟ್‌ಬಾಲ್ ಆಂಟಿ' ಎಂಬ ಹೆಸರೇ ಉಳಿಯಿತು.

ಆರು ಹುಡುಗರ ಹೆಸರು ಆ ಅಂಗಡಿಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಇಬ್ಬರು ಇಂಗ್ಲೆಂಡಿನ ಮೂರನೇ, ನಾಲ್ಕನೇ ದರ್ಜೆಯ ತಂಡಗಳಲ್ಲಿ, ಒಬ್ಬ ಜರ್ಮನಿಯಲ್ಲಿ, ಒಬ್ಬ ಪೋಲೆಂಡಿನಲ್ಲಿ, ಒಬ್ಬ ಡೆನ್ಮಾರ್ಕಿನಲ್ಲಿ, ಎಲ್ಲರಿಗಿಂತ ಚಿಕ್ಕವನಾದ ಒಶೀನ್ ಇಟಲಿಯ ಉತ್ತರದ ಒಂದು ಸಣ್ಣ ಊರಿನ ಕ್ಲಬ್ಬಿನ ಕಿರಿಯರ ತಂಡದಲ್ಲಿ. ದೊಡ್ಡ ಟಿವಿಯಲ್ಲಿ ಬರುವವರು ಯಾರೂ ಇಲ್ಲ. ಅರ್ಧ ಸೀಸನ್ನು ಬೆಂಚಿನ ಮೇಲೆ ಕೂರುವವರು, ಇನ್ನೊಂದು ಕ್ಲಬ್ಬಿಗೆ ಎರವಲು ಹೋಗುವವರು, ಐವತ್ತೆಂಟನೇ ನಿಮಿಷಕ್ಕೆ ಎರಡನೇ ಹಳದಿ ಕಾರ್ಡು ತಿಂದು ಹೊರಗೆ ಬರುವವರು. ಆದರೆ ಆರು ಜನವೂ ಹುಟ್ಟಿದ ಮೊದಲ ಗಂಟೆಯಲ್ಲಿ ಜಲಜಾಕ್ಷಿಯ ಕೈಯಲ್ಲಿ ಮಲಗಿದವರು, ಇಲ್ಲವೇ ಅವಳ ಕೈ ತಾಗಿ ಹೋದವರು. ಐರ್ಲೆಂಡಿನ ಡೊನೆಗಾಲ್ ಕೌಂಟಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವಳು ಹನ್ನೊಂದು ವರ್ಷ ನರ್ಸಾಗಿದ್ದಳು.

ಜಲಜಾಕ್ಷಿ ಕುಂದಾಪುರದ ಹತ್ತಿರದ ಗಂಗೊಳ್ಳಿಯವಳು. ಅಪ್ಪ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದರು. ಮಣಿಪಾಲದಲ್ಲಿ ನರ್ಸಿಂಗ್ ಓದಿ ಅಲ್ಲೇ ಕೆಲಸಕ್ಕೆ ಸೇರಿದಳು. ಜಯಕರ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಮೀನಿನ ಗುಣಮಟ್ಟ ನೋಡುವ ಕೆಲಸದಲ್ಲಿದ್ದ. ಎರಡು ಸಾವಿರದ ಒಂದರಲ್ಲಿ ಐರ್ಲೆಂಡಿನವರು ನರ್ಸುಗಳನ್ನು ಹುಡುಕಿಕೊಂಡು ಬಂದಾಗ ಗೆಳತಿಯ ಜೊತೆ ಸುಮ್ಮನೆ ಬೆಂಗಳೂರಿಗೆ ಹೋಗಿ ಇಂಟರ್‌ವ್ಯೂ ಕೊಟ್ಟಳು. ಗೆಳತಿಗೆ ಸಿಗಲಿಲ್ಲ, ಇವಳಿಗೆ ಸಿಕ್ಕಿತು. ಮಗ ಸುಜಿತನಿಗೆ ಆಗ ಮೂರು ವರ್ಷ. ಅವನನ್ನು ಗಂಡನ ಬಳಿ ಬಿಟ್ಟು ನವೆಂಬರ್ ತಿಂಗಳಲ್ಲಿ ಒಬ್ಬಳೇ ಹೋಗಿ ಇಳಿದಳು. ಸಂಜೆ ನಾಲ್ಕೂವರೆಗೆ ಕತ್ತಲಾಗುವುದನ್ನು ಕಂಡು ಮೊದಲ ವಾರ ಅವಳಿಗೆ ಗಡಿಯಾರದ ಮೇಲೆಯೇ ನಂಬಿಕೆ ಹೋಗಿತ್ತು.

ವರ್ಷ ಕಳೆದ ಮೇಲೆ ಜಯಕರ ಮಗನನ್ನು ಕರೆದುಕೊಂಡು ಬಂದ. ಬಂದ ವಾರವೇ ಮೂವರೂ ಬಸ್ಸು ಹತ್ತಿ ಕಿಲ್ಲಿಬೆಗ್ಸ್ ಎಂಬ ಬಂದರಿಗೆ ಹೋದರು. ಇಳಿಯುತ್ತಲೇ ಜಯಕರ ಮೂಗು ಅರಳಿಸಿ ನಿಂತುಬಿಟ್ಟ. "ಜಲಜ, ಇದು ಗಂಗೊಳ್ಳಿಯೇ ಮಾರಾಯ್ತಿ. ಫ್ರಿಜ್ಜಲ್ಲಿ ಇಟ್ಟ ಗಂಗೊಳ್ಳಿ." ದಕ್ಕೆಯ ಮೇಲೆ ರಾಶಿ ರಾಶಿ ಬಂಗುಡೆ ಇಳಿಸುತ್ತಿದ್ದರು. ತಿಂಗಳೊಳಗೆ ಅವನಿಗೆ ಅಲ್ಲಿಯ ಒಂದು ಮೀನಿನ ಫ್ಯಾಕ್ಟರಿಯಲ್ಲಿ ಕೆಲಸವಾಯಿತು. ಇಬ್ಬರ ಕೆಲಸಕ್ಕೂ ನಡುವೆ ಆಗುವ ಹಾಗೆ ಡೊನೆಗಾಲ್ ಪಟ್ಟಣದಲ್ಲಿ ಮನೆ ಮಾಡಿದರು.

ಆ ಊರಿನವರಿಗೆ ಜಲಜಾಕ್ಷಿ ಅನ್ನಲು ನಾಲಿಗೆ ಹೊರಳಲಿಲ್ಲ. ವಾರ್ಡಿನ ಹಿರಿಯ ನರ್ಸ್ ನೂಲಾ ಎರಡು ದಿನ ಪ್ರಯತ್ನಪಟ್ಟು, ಮೂರನೇ ದಿನ "ಜಲಾ" ಎಂದು ಕತ್ತರಿಸಿ ಮುಗಿಸಿದಳು. ಅವರು ಕಂಡದ್ದಕ್ಕೆಲ್ಲ 'ವೀ' ಎಂದು ಸೇರಿಸುತ್ತಿದ್ದರು. ಪುಟ್ಟ ಅನ್ನುವ ಅರ್ಥ. ವೀ ಮಗು, ವೀ ಚಹಾ, ವೀ ಮಾತು. ಆರು ಅಡಿ ಎತ್ತರದ ಗಂಡಸು ಹೆಂಡತಿಗೆ ಹೆರಿಗೆಯಾದಾಗ ಕಾರಿಡಾರಿನಲ್ಲಿ ಗೋಡೆಗೆ ಮುಖ ಹಾಕಿ "ಒಂದು ವೀ ಅಳು" ಅತ್ತು ಬರುತ್ತಿದ್ದ. ಹೆತ್ತ ತಾಯಿಗೆ ಮೊದಲು ಕೊಡುವುದು ಚಹಾ ಮತ್ತು ಬೆಣ್ಣೆ ಹಚ್ಚಿದ ಟೋಸ್ಟು. ಬಾಣಂತಿಗೆ ಬಿಸಿನೀರು, ಮೆಣಸಿನ ಸಾರು, ಕಷಾಯ ಎಂದು ಕಲಿತು ಬಂದ ಜಲಜಾಕ್ಷಿಗೆ ಮೊದಮೊದಲು ಆ ಟೋಸ್ಟಿನ ತಟ್ಟೆ ಹಿಡಿದು ಹೋಗಲು ಸಂಕಟವಾಗುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಆ ಬೆಣ್ಣೆಯ ವಾಸನೆ ಬಂದರೆ ಸಾಕು, ಒಂದು ಮಗು ಸುಖವಾಗಿ ಬಂತು ಎಂದು ಅವಳ ಮನಸ್ಸು ಹಗುರಾಗುವಂತಾಯಿತು.

ಒಶೀನ್ ಹುಟ್ಟಿದ್ದು ಎರಡು ಸಾವಿರದ ಏಳರ ಜನವರಿಯಲ್ಲಿ, ಬಿರುಗಾಳಿಯ ದಿನ. ರಸ್ತೆಗೆ ಮರ ಬಿದ್ದು ಅವನ ತಾಯಿ ಗ್ರಾನ್ಯಾಳನ್ನು ಪಕ್ಕದ ಮನೆಯವರು ಟ್ರ್ಯಾಕ್ಟರಿನಲ್ಲಿ ಅರ್ಧ ದಾರಿ ತಂದು ಅಲ್ಲಿಂದ ಆಂಬುಲೆನ್ಸಿಗೆ ಹತ್ತಿಸಿದ್ದರು. ಮಧ್ಯಾಹ್ನ ಮಗು ಬಂತು. ಕರುಳುಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು, ಮೈ ನೀಲಿ, ಉಸಿರಿಲ್ಲ. ಮಗುವನ್ನು ಟವೆಲಿನಲ್ಲಿ ಹಿಡಿದು ಬೆನ್ನು ತಿಕ್ಕಿದವಳು ಜಲಜಾಕ್ಷಿ. ನೂಲಾ ಬಾಯಿಯ ಲೋಳೆ ತೆಗೆಯುತ್ತಿದ್ದಳು, ಡಾಕ್ಟರ್ ಆಕ್ಸಿಜನ್ ಹಿಡಿದಿದ್ದರು. ಹೊರಗೆ ಗಾಳಿ ಕಿಟಕಿ ಕಿತ್ತುಹಾಕುವ ಹಾಗೆ ಬೀಸುತ್ತಿತ್ತು. ಜಲಜಾಕ್ಷಿ ತನಗೇ ಗೊತ್ತಿಲ್ಲದೆ ಕನ್ನಡದಲ್ಲಿ "ಬಾ ಮಗಾ, ಬಾ ಬಾ," ಅನ್ನುತ್ತ ತಿಕ್ಕುತ್ತಿದ್ದಳು. ಎರಡು ನಿಮಿಷವೋ ಮೂರು ನಿಮಿಷವೋ, ಆಮೇಲೆ ಬೆಕ್ಕಿನ ಮರಿಯಂತೆ ಒಂದು ಸದ್ದು, ಅದರ ಹಿಂದೆಯೇ ಕಿವಿ ತೂತು ಬೀಳುವ ಅಳು. ಗ್ರಾನ್ಯಾ ಇವಳ ಮಣಿಕಟ್ಟು ಹಿಡಿದವಳು ಚಹಾ ಬರುವ ತನಕ ಬಿಡಲಿಲ್ಲ.

ಅದೇ ವರ್ಷಗಳಲ್ಲಿ ಸುಜಿತ್ ಊರಿನ ಹುಡುಗರ ತಂಡದಲ್ಲಿ ಎಡಗಡೆ ಓಡುವ ಆಟಗಾರನಾಗಿ ಬೆಳೆಯುತ್ತಿದ್ದ. ಕೋಚ್ ಎಮನ್ ಪೋಸ್ಟ್‌ಮ್ಯಾನ್. ಬೆಳಿಗ್ಗೆ ಪತ್ರ ಹಂಚಿ ಸಂಜೆ ಮಕ್ಕಳಿಗೆ ಆಟ ಕಲಿಸುತ್ತಿದ್ದ. ಶನಿವಾರ ಮಳೆಯಲ್ಲಿ ತೋಯ್ದ ಮೈದಾನದ ಬದಿಯಲ್ಲಿ ಜಲಜಾಕ್ಷಿ ಕಿತ್ತಳೆ ಹೋಳು, ಬ್ಯಾಂಡೇಜು ಹಿಡಿದು ನಿಲ್ಲುತ್ತಿದ್ದಳು. ಯಾವ ಮಗುವಿನ ಮೊಣಕಾಲು ತರಚಿದರೂ ಅವಳ ಬಳಿಯೇ ಬರುತ್ತಿತ್ತು. ಹದಿನಾಲ್ಕಕ್ಕೆ ಸುಜಿತ್ ಕೌಂಟಿಯ ತಂಡಕ್ಕೆ ಆಯ್ಕೆಯಾದ. ಆ ವರ್ಷವೇ ಜಯಕರನ ಫ್ಯಾಕ್ಟರಿಯಲ್ಲಿ ಕೆಲಸಗಾರರನ್ನು ಕಡಿಮೆ ಮಾಡಿದರು. ಹಳೆಯ ಸಹಪಾಠಿಯೊಬ್ಬ ಮಲೇಶಿಯಾದ ಪೋರ್ಟ್ ಕ್ಲಾಂಗಿನ ಮೀನು ರಫ್ತು ಕಂಪೆನಿಗೆ ಕರೆದ. ಸುಬಾಂಗಿನ ನರ್ಸಿಂಗ್ ಕಾಲೇಜೊಂದರಲ್ಲಿ ಜಲಜಾಕ್ಷಿಗೂ ಪಾಠ ಹೇಳುವ ಕೆಲಸ ಸಿಕ್ಕಿತು. ಬೆಂಗಳೂರಿಗೆ ನಾಲ್ಕೇ ಗಂಟೆಯ ವಿಮಾನ, ಗಂಗೊಳ್ಳಿಯಲ್ಲಿ ಅಪ್ಪನಿಗೆ ವಯಸ್ಸಾಗಿದೆ ಎಂಬ ಲೆಕ್ಕಾಚಾರವೂ ಸೇರಿತು.

ಹೊರಡುವ ಮೂರು ವಾರ ಮೊದಲು ಎಮನ್ ಮನೆಗೆ ಬಂದ. ಕೋಟಿನಿಂದ ನೀರು ಸೋರುತ್ತಿತ್ತು. "ಒಂದು ವರ್ಷ ಹುಡುಗನನ್ನು ನಮ್ಮ ಮನೆಯಲ್ಲಿ ಬಿಡಿ. ನನ್ನ ಹೆಂಡತಿಯೂ ಹೂಂ ಅಂದಿದ್ದಾಳೆ. ಅವನ ಕಾಲಿನಲ್ಲಿ ಏನೋ ಇದೆ," ಅಂದ. ಜಯಕರ ಮರ್ಯಾದೆಯಿಂದಲೇ ಆಗುವುದಿಲ್ಲ ಅಂದ. ಜಲಜಾಕ್ಷಿ ಚಹಾ ಬಗ್ಗಿಸಿದಳು, ಬಿಸ್ಕತ್ತು ಇಟ್ಟಳು, ಬಾಯಿ ಬಿಡಲಿಲ್ಲ. ಮೆಟ್ಟಿಲ ಮೇಲೆ ಸುಜಿತ್ ಕೂತಿದ್ದ. ಎಮನ್ ಹೋದ ಮೇಲೆ ಎದ್ದು ಕೋಣೆಗೆ ಹೋದ. ಅಷ್ಟೇ.

ಮಲೇಶಿಯಾದಲ್ಲಿ ಅವನು ಮತ್ತೆ ಚೆಂಡು ಮುಟ್ಟಲಿಲ್ಲ. ಕೇಳಿದರೆ "ಬಿಸಿಲು ಜಾಸ್ತಿ" ಅನ್ನುತ್ತಿದ್ದ. ನಿಜವೇ ಇರಬೇಕು ಎಂದು ಇವರೂ ಬಿಟ್ಟರು. ಅವನು ಓದಿದ, ಇಂಜಿನಿಯರಾದ, ಈಗ ಇಪ್ಪತ್ತೇಳು ವರ್ಷ. ಪೆಟಾಲಿಂಗ್ ಜಯಾದ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ. ಭಾನುವಾರ ಮಧ್ಯಾಹ್ನ ಎಲ್‌ಆರ್‌ಟಿ ರೈಲು ಹಿಡಿದು ಊಟಕ್ಕೆ ಬರುತ್ತಾನೆ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಮೊದಲಿದ್ದ ಡೊನೆಗಾಲಿನ ರಾಗ ಅವನ ಇಂಗ್ಲಿಷಿನಿಂದ ಯಾವತ್ತೋ ಇಳಿದುಹೋಗಿತ್ತು. ಮಾತಿನ ಕೊನೆಗೆ ಇಲ್ಲಿಯವರಂತೆ 'ಲಾ' ಹಾಕುವುದೂ ಬಂದಿತ್ತು.

ಜಲಜಾಕ್ಷಿಯ ಈ ಹುಚ್ಚು ಶುರುವಾದದ್ದು ಕೋವಿಡ್ ಸಮಯದಲ್ಲಿ. ಕಾಲೇಜು ಮುಚ್ಚಿತ್ತು, ಬಾಗಿಲಿನಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ಡೊನೆಗಾಲಿನ ವಾರಪತ್ರಿಕೆಯನ್ನು ಇಂಟರ್ನೆಟ್ಟಿನಲ್ಲಿ ಓದಲು ಹಿಡಿದಳು. ಮೊದಲು ಓದುತ್ತಿದ್ದದ್ದು ಸತ್ತವರ ಸುದ್ದಿ. ಆ ಊರಿನವರೂ ಮೊದಲು ಅದನ್ನೇ ಓದುತ್ತಾರೆ. ಆಮೇಲೆ ಒಂದು ದಿನ ಕೌಂಟಿಯ ಕಿರಿಯರ ತಂಡದ ಫೋಟೋ ಕಣ್ಣಿಗೆ ಬಿತ್ತು. ಕೆಳಗೆ ಹೆಸರುಗಳು. ಒಶೀನ್ ಎಂಬ ಹೆಸರು ನೋಡಿ ಫೋಟೋ ದೊಡ್ಡದು ಮಾಡಿದಳು. ಗ್ರಾನ್ಯಾಳದೇ ಗಲ್ಲ, ಗ್ರಾನ್ಯಾಳದೇ ಹುಬ್ಬು.

"ರೀ, ಬನ್ನಿ ಇಲ್ಲಿ. ಇವನು ನನ್ನ ಗಾಳಿ ದಿನದ ಮಗು!"

ಆಮೇಲೆ ಉಳಿದ ಹೆಸರುಗಳು, ವರ್ಷಗಳು, ತಾಯಂದಿರ ಮುಖಗಳು ಒಂದೊಂದಾಗಿ ಕೂಡಿಬಂದವು. ಆ ಹುಡುಗರು ದೊಡ್ಡವರಾಗಿ ಒಬ್ಬೊಬ್ಬರೇ ಊರು ಬಿಟ್ಟು ಹೋದಂತೆ ಇವಳ ನಕಾಶೆಯೂ ದೊಡ್ಡದಾಯಿತು. ಹಿಂದೆಲ್ಲ ಐರ್ಲೆಂಡಿನ ಹುಡುಗರು ಹದಿನಾರಕ್ಕೇ ಇಂಗ್ಲೆಂಡಿಗೆ ಹೋಗುತ್ತಿದ್ದರು. ಬ್ರೆಕ್ಸಿಟ್ ಆದ ಮೇಲೆ ಹದಿನೆಂಟು ತುಂಬದೆ ಅಲ್ಲಿಗೆ ಸೇರುವ ಹಾಗಿಲ್ಲ. ಅದಕ್ಕೇ ಈಗ ಭಾಷೆ ಗೊತ್ತಿಲ್ಲದ ಇಟಲಿ, ಜರ್ಮನಿಗಳಿಗೆ ಹೋಗುತ್ತಾರೆ. ಇದನ್ನೆಲ್ಲ ಜಲಜಾಕ್ಷಿ ಓದಿ ತಿಳಿದುಕೊಂಡಳು. ತಮಿಳು ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಫ್ರಿಜ್ಜಿನ ಮೇಲೆ. ಅದರ ಚೌಕಗಳಲ್ಲಿ ಕನ್ನಡದಲ್ಲಿ 'ಒಶೀನ್ 5 ಗಂಟೆ', 'ಪೋಲೆಂಡ್ ನಾಡಿದ್ದು' ಎಂದೆಲ್ಲ ಬರೆದಿರುತ್ತಿತ್ತು. ಹಾಲಿನ ಬಿಲ್ಲು ಬರೆಯಲು ಜಾಗವಿಲ್ಲ ಎಂದು ಜಯಕರ ಗೊಣಗುತ್ತಿದ್ದ. ಆದರೂ ಒಶೀನನ ಆಟ ಕ್ಲಬ್ಬಿನ ಯೂಟ್ಯೂಬಿನಲ್ಲಿ ಬರುತ್ತದೆ ಎಂದು ಗೊತ್ತಾದಾಗ ಅದನ್ನು ಟಿವಿಗೆ ಜೋಡಿಸಿಕೊಟ್ಟವನು ಅವನೇ.

ಅದು ಎರಡು ಸಾವಿರದ ಇಪ್ಪತ್ತನಾಲ್ಕರ ಅಕ್ಟೋಬರ್. ಇಟಲಿಯಲ್ಲಿ ಬೆಳಿಗ್ಗೆ ಹನ್ನೊಂದು, ಸುಬಾಂಗಿನಲ್ಲಿ ಸಂಜೆ ಐದು. ಹೊರಗೆ ದಿನದ ಮಳೆ ಸುರಿಯುತ್ತಿತ್ತು. ಟಿವಿಯಲ್ಲಿ ಬಿಸಿಲು, ಬದಿಯಲ್ಲಿ ಐವತ್ತು ಜನವೂ ಇಲ್ಲದ ಮೈದಾನ. ಹದಿನೇಳರ ಒಶೀನ್ ಎಡಗಡೆ ಹಿಂದೆ ನಿಂತಿದ್ದ, ಸಾಕ್ಸು ಕೆಳಗೆ ಸರಿಸಿಕೊಂಡು. ಕಾಮೆಂಟರಿ ಹೇಳುವವನು ಅವನ ಹೆಸರನ್ನು "ಓಯ್ಸಿನ್, ಓಯ್ಸಿನ್" ಅನ್ನುತ್ತಿದ್ದ.

"ಒಶೀನ್ ಅನ್ನೋ ಮಾರಾಯ!" ಎಂದು ಜಲಜಾಕ್ಷಿ ಟಿವಿಗೇ ಕಿರುಚಿದಳು.

ಆ ದಿನ ಅವರ ತಂಡ ಎರಡು ಗೋಲಿನಿಂದ ಗೆದ್ದಿತು. ಎರಡನೇ ಗೋಲಿಗೆ ಚೆಂಡು ಕೊಟ್ಟವನೇ ಒಶೀನ್. ಜಯಕರ ಚಪ್ಪಾಳೆ ತಟ್ಟಿದ. ಜಲಜಾಕ್ಷಿ ಮಾತ್ರ ಮುಂದಕ್ಕೆ ಬಗ್ಗಿ ನೋಡುತ್ತಿದ್ದಳು. ಗೋಲು ಹೊಡೆದವನನ್ನು ಎಲ್ಲರೂ ಮುತ್ತಿಕೊಂಡರು. ಒಶೀನ್ ಎರಡು ಹೆಜ್ಜೆ ಅತ್ತ ಓಡಿ, ನಿಂತು, ಸುಮ್ಮನೆ ತನ್ನ ಜಾಗಕ್ಕೆ ವಾಪಸಾದ. ಯಾರೂ ಅವನನ್ನು ಕರೆಯಲಿಲ್ಲ.

"ಸೊರಗಿದ್ದಾನೆ. ಕೆನ್ನೆ ನೋಡಿ," ಅಂದಳು.

"ಓಡುವ ಹುಡುಗ, ದಪ್ಪ ಆಗ್ತಾನಾ?"

"ಓಡಿ ಸೊರಗುದು ಬೇರೆ, ಇದು ಬೇರೆ."

ನವೆಂಬರಿನಲ್ಲಿ ಅವನ ಹೆಸರು ಪಟ್ಟಿಯಿಂದಲೇ ಮಾಯವಾಯಿತು. ಆಡುವವರಲ್ಲೂ ಇಲ್ಲ, ಬೆಂಚಿನಲ್ಲೂ ಇಲ್ಲ. ಒಂದು ವಾರ, ಎರಡು ವಾರ, ನಾಲ್ಕು ವಾರ. ಇಟಲಿಯ ಸ್ಥಳೀಯ ಸುದ್ದಿಯನ್ನು ಫೋನಿನಲ್ಲಿ ಇಂಗ್ಲಿಷಿಗೆ ಮಾಡಿಸಿ ಓದಿದಳು. ಗಾಯ ಎಂದು ಎಲ್ಲೂ ಇಲ್ಲ. ಭಾನುವಾರ ಊಟಕ್ಕೆ ಬಂದ ಸುಜಿತನಿಗೂ ಹುಡುಕಲು ಹೇಳಿದಳು.

"ಅಮ್ಮ, ಕಿಡ್ಸ್ ಟೀಮಲ್ಲಿ ಇದೆಲ್ಲ ನಾರ್ಮಲ್ ಲಾ. ಯಾಕಿಷ್ಟು ತಲೆ ಕೆಡಿಸ್ಕೊಳ್ತಿ? ನಿನಗೆ ಅವನು ಯಾರು?"

ಜಲಜಾಕ್ಷಿ ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ಆದರೆ ಮರುದಿನ ಹನ್ನೆರಡು ವರ್ಷದಿಂದ ಮಾಡದ ಕೆಲಸ ಮಾಡಿದಳು. ನೂಲಾಗೆ ಫೋನು ಮಾಡಿದಳು. ನೂಲಾ ರಿಟೈರಾಗಿ, ಈಗ ಎಪ್ಪತ್ತೆಂಟು. ಕಿವಿ ಮಂದವಾಗಿತ್ತು, ಆದರೂ ಮೊದಲ ಮಾತಿಗೇ ಗುರುತು ಹಿಡಿದು, "ಜಲಾ, ನೀನು ಕ್ರಿಸ್ಮಸ್ಸಿಗೆ ಕಾರ್ಡು ಹಾಕುವುದನ್ನು ಯಾಕೆ ಬಿಟ್ಟೆ?" ಎಂದು ಬೈದಳು. ಅರ್ಧ ಗಂಟೆ ವಾರ್ಡಿನವರ ಸುದ್ದಿಯೆಲ್ಲ ಆಯಿತು. ಯಾರು ಹೋದರು, ಯಾರ ಮೊಮ್ಮಕ್ಕಳು, ಹಳೆಯ ಟೋಸ್ಟರ್ ಕೊನೆಗೂ ಬದಲಾಯಿಸಿದರೋ ಇಲ್ಲವೋ. ಕೊನೆಗೆ ಗ್ರಾನ್ಯಾಳ ನಂಬರು ಸಿಕ್ಕಿತು.

ಗ್ರಾನ್ಯಾ ಫೋನು ಎತ್ತಿದಾಗ ಅಲ್ಲಿ ಬೆಳಿಗ್ಗೆ ಹತ್ತು, ಇಲ್ಲಿ ಸಂಜೆ ಆರು. ಜಲಜಾಕ್ಷಿ ಹೆಸರು ಹೇಳಿದಳು.

"ಜಲಾ? ಟವೆಲಿನ ಜಲಾ?"

"ಅದೇ ಜಲಾ. ಒಶೀನ್ ಹೇಗಿದ್ದಾನೆ ಎಂದು ಕೇಳಬೇಕಿತ್ತು. ನಾಲ್ಕು ವಾರದಿಂದ ಆಟದಲ್ಲಿ ಕಾಣಿಸುತ್ತಿಲ್ಲ."

ನೆಂಟರಲ್ಲ, ನೆರೆಯವರಲ್ಲ, ಭೂಮಿಯ ಇನ್ನೊಂದು ಬದಿಯಲ್ಲಿ ಯಾರೋ ತನ್ನ ಮಗ ಕಾಣಿಸಲಿಲ್ಲ ಎಂದು ಲೆಕ್ಕ ಇಟ್ಟಿದ್ದಾರೆ ಎಂದು ತಿಳಿದು ಗ್ರಾನ್ಯಾ ಕುರ್ಚಿ ಎಳೆದು ಕೂತಳು. ಆಮೇಲೆ ಎಲ್ಲ ಹೇಳಿದಳು. ಗಾಯ ಏನೂ ಇಲ್ಲ. ಹುಡುಗ ಸರಿಯಾಗಿ ಊಟ ಮಾಡುತ್ತಿಲ್ಲ, ಪ್ರಾಕ್ಟೀಸ್ ಮುಗಿದರೆ ಕೋಣೆ ಸೇರಿ ಬಾಗಿಲು ಹಾಕುತ್ತಾನೆ. ಕೋಚು ಒಳ್ಳೆಯವನೇ, ಒಂದಿಷ್ಟು ದಿನ ವಿಶ್ರಾಂತಿ ಎಂದಿದ್ದಾನೆ. ಜೊತೆಯವರ ಭಾಷೆ ಇವನಿಗೆ ಹತ್ತುತ್ತಿಲ್ಲ. ಫೋನಿನಲ್ಲಿ ಕೇಳಿದರೆ ಎಲ್ಲ ಸರಿ ಇದೆ ಅನ್ನುತ್ತಾನೆ. "ಊರಿಗೆ ಊರೇ ಅವನನ್ನು ಬೀಳ್ಕೊಡಲು ಬಂದಿತ್ತು ಜಲಾ. ವಾಪಸ್ ಬರಬೇಕು ಅಂತ ಅವನಿಗಿದೆ. ಬಂದರೆ ಜನಕ್ಕೆ ಏನು ಹೇಳುವುದು ಅಂತ ಹೆದರಿಕೆ. ನನ್ನ ಹತ್ತಿರ ಅದನ್ನು ಹೇಳುವುದೂ ಇಲ್ಲ."

ಮುಂದಿನ ಭಾನುವಾರ ಊಟದ ಹೊತ್ತಿಗೆ ಜಲಜಾಕ್ಷಿ ಇದನ್ನು ಗಂಡನಿಗೂ ಮಗನಿಗೂ ಹೇಳಿದಳು. ಜಯಕರ ನಿಟ್ಟುಸಿರು ಬಿಟ್ಟ. ಸುಜಿತ್ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದವನು ಕೈ ನಿಲ್ಲಿಸಿದ.

"ಅವನ ನಂಬರ್ ಕೇಳು ಅಮ್ಮ. ನಾನು ಮಾತಾಡ್ತೇನೆ."

"ನೀನಾ? ಎಂತ ಮಾತಾಡ್ತಿ?"

"ಗೊತ್ತಿಲ್ಲ. ಕೇಳು."

ಗ್ರಾನ್ಯಾ ಮಗನನ್ನು ಹೇಗೆ ಒಪ್ಪಿಸಿದಳೋ, ಮರುವಾರ ಭಾನುವಾರ ಸಂಜೆ, ಇಟಲಿಯಲ್ಲಿ ಬೆಳಿಗ್ಗೆ ಹತ್ತಾದಾಗ, ಸುಜಿತ್ ಊಟದ ಮೇಜಿನ ಮೇಲೆ ಫೋನು ಒರಗಿಸಿ ವಿಡಿಯೋ ಕಾಲ್ ಮಾಡಿದ. ಜಲಜಾಕ್ಷಿ ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದಳು. ಎಣ್ಣೆಯ ಸದ್ದು ಅಡ್ಡಿಯಾಗುತ್ತದೆ ಎಂದು ಒಲೆ ಆರಿಸಿದಳು. ಹೊರಗೆ ಹೋಗಲಿಲ್ಲ. ಅಲ್ಲೇ ನಿಂತಳು.

ಮೊದಲು ಕೇಳಿದ್ದು ಸ್ವರ. ಮಗನ ಇಂಗ್ಲಿಷು ಬದಲಾಗಿತ್ತು. ಮಾತು ಮೇಲೆ ಹೋಗಿ ಕೊನೆಗೆ ಎಳೆದುಕೊಳ್ಳುವ ಡೊನೆಗಾಲಿನ ಆ ರಾಗ, ಎರಡು ಮಾತಿಗೊಮ್ಮೆ 'ವೀ'. ಹನ್ನೆರಡು ವರ್ಷ ಎಲ್ಲಿ ಇಟ್ಟಿದ್ದನೋ. ಅತ್ತ ಕಡೆಯ ಹುಡುಗ ಮೊದಲು ಹೂಂ, ಉಹೂಂ ಅನ್ನುತ್ತಿದ್ದ. ಇವನ ರಾಗ ಕೇಳಿ ನಕ್ಕ. ಇಬ್ಬರಿಗೂ ಕೋಚಾಗಿದ್ದ ಎಮನ್ ಈಗಲೂ ಬೈಯುವಾಗ ಟೋಪಿ ನೆಲಕ್ಕೆ ಹೊಡೆಯುತ್ತಾನಾ ಎಂದು ಇವನು ಕೇಳಿದ. ಹೊಡೆಯುತ್ತಾನೆ, ಈಗ ಎತ್ತಿಕೊಡಲು ಇನ್ನೊಬ್ಬರು ಬೇಕು ಎಂದು ಅವನು ಹೇಳಿದ. ಸ್ವಲ್ಪ ಹೊತ್ತು ಹೀಗೇ ಹೋಯಿತು. ಆಮೇಲೆ ಸುಜಿತನ ಸ್ವರ ಇಳಿಯಿತು.

"ನಾನು ಇಲ್ಲಿಗೆ ಬಂದಾಗ ಶಾಲೆಯ ಹಿಂದೆ ಒಂದು ಮೈದಾನ ಇತ್ತು. ದಿನಾ ಸಂಜೆ ಬೇಲಿಯ ಹೊರಗೆ ನಿಲ್ಲುತ್ತಿದ್ದೆ. ಹುಡುಗರು ಆಡಲು ಕರೆಯುತ್ತಿದ್ದರು. ಕಾಲು ನೋವು ಅನ್ನುತ್ತಿದ್ದೆ. ನೋವೂ ಇರಲಿಲ್ಲ, ಏನೂ ಇರಲಿಲ್ಲ. ಇಲ್ಲಿ ಆಡಿಬಿಟ್ಟರೆ ನಾನು ಇಲ್ಲಿಯವನೇ ಆಗಿಬಿಡುತ್ತೇನೆ, ಆಮೇಲೆ ನನ್ನನ್ನು ಯಾರೂ ವಾಪಸ್ ಕರೆಸುವುದಿಲ್ಲ ಅಂತ ಹೆದರಿಕೆ. ಎಂಟು ತಿಂಗಳು ಹಾಗೇ ನಿಂತೆ. ಮನೆಯಲ್ಲಿ ಬಿಸಿಲು ಅಂತ ಹೇಳಿದೆ. ಕೊನೆಗೆ ಆ ಹುಡುಗರೂ ಕರೆಯುವುದು ಬಿಟ್ಟರು."

ಅತ್ತ ಕಡೆಯ ಹುಡುಗ ಏನೋ ಕೇಳಿದ. ಅದು ಜಲಜಾಕ್ಷಿಗೆ ಕೇಳಿಸಲಿಲ್ಲ.

"ಅಲ್ಲಿರು ಅಂತಲೂ ನಾನು ಹೇಳುವುದಿಲ್ಲ, ಮನೆಗೆ ಹೋಗು ಅಂತಲೂ ಹೇಳುವುದಿಲ್ಲ," ಅಂದ ಸುಜಿತ್. "ಏನು ಬೇಕು ಅಂತ ಒಮ್ಮೆ ಬಾಯಿ ಬಿಟ್ಟು ಹೇಳು. ನಿನ್ನ ಅಮ್ಮನಿಗೆ ಹೇಳು. ನಾನು ಹೇಳಲಿಲ್ಲ. ಅದೊಂದೇ ನನಗೆ ಈಗಲೂ ಚುಚ್ಚುವುದು."

ಜಲಜಾಕ್ಷಿ ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದಳು. ಮಾತು ಮುಗಿದ ಮೇಲೆ ಒಲೆ ಹಚ್ಚಿದಳು, ಮೀನು ಹುರಿದಳು, ಬಡಿಸಿದಳು.

ರಾತ್ರಿ ಮಗನನ್ನು ಎಲ್‌ಆರ್‌ಟಿ ಸ್ಟೇಷನ್ನಿನ ತನಕ ಬಿಡಲು ತಾನೇ ಹೊರಟಳು. ಮಳೆ ಬಿಟ್ಟಿತ್ತು. ಕಾಲೇಜು ಹುಡುಗರು ಬಬಲ್ ಟೀ ಹಿಡಿದು ಓಡಾಡುತ್ತಿದ್ದರು. ಸ್ಟೇಷನ್ನು ಕಾಣುವಲ್ಲಿ ಅವಳು ಕೇಳಿದಳು.

"ಆಗ ಯಾಕೆ ಹೇಳಲಿಲ್ಲ ಮಗಾ?"

ಅವನಿಗೆ ಅಮ್ಮ ಕೇಳಿಸಿಕೊಂಡದ್ದು ಗೊತ್ತಿತ್ತು. ಸ್ವಲ್ಪ ದೂರ ನಡೆದ ಮೇಲೆ, ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ ಉತ್ತರ ಕೊಟ್ಟ.

"ನೀನು ಆಗ ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಅಳ್ತಿದ್ದಿ ಅಮ್ಮ. ನಂಗೆ ಕೇಳಿಸ್ತಿತ್ತು. ಅದರ ಮೇಲೆ ನನ್ನದೂ ಬೇಡ ಅನಿಸಿತು."

ಆ ಅಳು ಯಾರಿಗೂ ಗೊತ್ತಿಲ್ಲ ಎಂದು ಜಲಜಾಕ್ಷಿ ಇಷ್ಟು ವರ್ಷ ತಿಳಿದಿದ್ದಳು. ವಾರ್ಡು ಬಿಟ್ಟು ಬಂದದ್ದಕ್ಕೆ, ಜಲಾ ಎಂದು ಕರೆಯುವವರು ಇಲ್ಲದ್ದಕ್ಕೆ ಅತ್ತದ್ದು. ಗಂಡ ಕೆಲಸ ಕಳೆದುಕೊಂಡು ಹೊಸ ಕೆಲಸಕ್ಕೆ ಒಗ್ಗುತ್ತಿದ್ದ ಹೊತ್ತಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಸರಿಯಲ್ಲ ಎಂದು ಅವಳಿಗೂ ಅನಿಸಿತ್ತು. ತಾಯಿ ಮಗ ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರಿಂದೊಬ್ಬರು ಅಡಗಿಸಿಟ್ಟುಕೊಂಡು ಬದುಕಿದ್ದರು.

"ಎಮನ್ ಬಂದ ದಿನ ನಾನು ಮಾತಾಡಬೇಕಿತ್ತು," ಅಂದಳು.

"ಮಾತಾಡಿದ್ರೂ ನಾನು ಉಳಿತಿರಲಿಲ್ಲ. ಹದಿನಾಲ್ಕು ವರ್ಷ, ನೀವಿಬ್ರೂ ಇಲ್ಲದೆ ಎಷ್ಟು ದಿನ ಇರ್ತಿದ್ದೆ? ಒಂದು ವಾರ?" ಸುಜಿತ್ ನಕ್ಕ. ನಗು ನಿಂತ ಮೇಲೆ ಹೇಳಿದ, "ಆದ್ರೆ ಯಾರಾದ್ರೂ ನನ್ನ ಕೇಳಬೇಕಿತ್ತು."

"ಹೌದು. ಕೇಳಬೇಕಿತ್ತು. ತಪ್ಪಾಯ್ತು ಮಗಾ."

ಅವನು ಅವಳ ಹೆಗಲಿಗೆ ಕೈ ಹಾಕಿ ಒತ್ತಿದ. ಕಾರ್ಡು ತಾಗಿಸಿ ಒಳಗೆ ಹೋದ. ರೈಲು ಹೋದ ಮೇಲೆ ಜಲಜಾಕ್ಷಿ ವಾಪಸ್ ನಡೆದಳು. ಮನೆಗೆ ಬಂದು ಜಯಕರನಿಗೆ ಎಲ್ಲ ಹೇಳಿದಳು. ಅವನು ಟಿವಿ ಆರಿಸಿ ಪೂರ್ತಿ ಕೇಳಿದ. ಆಮೇಲೆ, "ಎಮನ್‌ಗೆ ಒಂದು ಕಾಗದ ಬರೀಬೇಕು," ಅಂದ. ಅವನು ಕಾಗದ ಬರೆದದ್ದನ್ನು ಅವಳು ಕೊನೆಗೆ ಕಂಡದ್ದು ಮದುವೆಗೆ ಮುಂಚೆ. ಆದರೆ ಬರೆದ. ಅಂಚೆಗೂ ಹಾಕಿದ.

ಒಶೀನ್ ಡಿಸೆಂಬರಿನಲ್ಲಿ ತಾಯಿಗೆ ಹೇಳಿದ. ಕ್ರಿಸ್ಮಸ್ಸಿಗೆ ಬಂದವನು ವಾಪಸ್ ಹೋಗಲಿಲ್ಲ. ಕ್ಲಬ್ಬಿನವರು ತಕರಾರಿಲ್ಲದೆ ಬಿಟ್ಟುಕೊಟ್ಟರು. ಆ ಸುದ್ದಿಯ ಕೆಳಗೆ ಜನ ಇಂಟರ್ನೆಟ್ಟಿನಲ್ಲಿ ಏನೇನೋ ಬರೆದರು. ಗಟ್ಟಿಯಿಲ್ಲ, ಅಮ್ಮನ ಸೆರಗು ಬಿಡದವನು ಎಂದೆಲ್ಲ. ಜಲಜಾಕ್ಷಿ ಪ್ರತಿಯೊಂದನ್ನೂ ಓದಿ ಸಿಟ್ಟಾದಳು. ಎರಡಕ್ಕೆ ಉತ್ತರವನ್ನೂ ಬರೆದಳು. ಅದನ್ನು ಸುಜಿತ್ ಅಳಿಸಿದ. ಒಶೀನ್ ಊರಿನ ಹತ್ತಿರದ ಸಣ್ಣ ಕ್ಲಬ್ಬಿಗೆ ಸೇರಿದ. ಫೆಬ್ರವರಿಯಿಂದ ಏಪ್ರಿಲ್ ತನಕ ಬೆಂಚು. ಮೇ ತಿಂಗಳಲ್ಲಿ ಒಬ್ಬನಿಗೆ ಗಾಯವಾಗಿ ಇವನನ್ನು ಇಳಿಸಿದರು. ಆಮೇಲೆ ಹೊರಗಿಡಲಿಲ್ಲ. ಜುಲೈಯಲ್ಲಿ ಗ್ರಾನ್ಯಾ ಒಂದು ಫೋಟೋ ಕಳಿಸಿದಳು. ಅಡುಗೆಮನೆಯ ಮೇಜಿನಲ್ಲಿ ಹುಡುಗ, ಎದುರಿಗೆ ನಾಲ್ಕು ಟೋಸ್ಟು.

"ಮುಖ ತುಂಬಿಕೊಂಡಿದೆ," ಅಂದಳು ಜಲಜಾಕ್ಷಿ.

"ಹಾಗಾದ್ರೆ ಕ್ಯಾಲೆಂಡರಿಂದ ತೆಗಿ. ಅವ ಈಗ ಪರದೇಶದಲ್ಲಿಲ್ಲ," ಅಂದ ಜಯಕರ.

"ನಮ್ಮ ಲೆಕ್ಕದಲ್ಲಿ ಅದೂ ಪರದೇಶವೇ ಅಲ್ದಾ?" ಅಂದಳು. ತೆಗೆಯಲಿಲ್ಲ.

ಮೊನ್ನೆ ಆಗಸ್ಟಿನಲ್ಲಿ ಅವಳ ವಾರ್ಡಿನ ಇನ್ನೊಬ್ಬ ಊರು ಬಿಟ್ಟ. ಕಾರ್ಮಕ್ ಅಂತ, ಎರಡು ಸಾವಿರದ ಎಂಟರ ಮಗು, ಬೆಲ್ಜಿಯಮ್ಮಿನ ಕ್ಲಬ್ಬಿಗೆ. ಈ ಸಲ ಜಲಜಾಕ್ಷಿ ಆಟದ ಸಮಯ ಹುಡುಕುವ ಮೊದಲು ನೂಲಾಳಿಂದ ನಂಬರು ತೆಗೆದುಕೊಂಡು ಅವನ ತಾಯಿಗೆ ಒಂದು ಮೆಸೇಜು ಬರೆದಳು. ನಾನು ಯಾರು, ನಿಮಗೆ ನೆನಪಿರಬಹುದು, ಹುಡುಗನ ಜೊತೆ ಮಾತಾಡಲು ಅಲ್ಲಿ ಯಾರಾದರೂ ಇದ್ದಾರಾ ಎಂದು.

ಆ ಭಾನುವಾರ ಸುಜಿತ್ ಕುಂಟುತ್ತ ಬಂದ. ಸೋಫಾದಲ್ಲಿ ಕೂತು ಸಾಕ್ಸು ತೆಗೆದರೆ ಹರಡು ಊದಿ ಬನ್ನಿನಂತಾಗಿದೆ. ಫ್ಯಾಕ್ಟರಿಯ ಹುಡುಗರು ವಾರಕ್ಕೊಮ್ಮೆ ಕೆಲಸ ಬಿಟ್ಟ ಮೇಲೆ ಆಡುತ್ತಾರಂತೆ, ಒಬ್ಬ ಕಡಿಮೆ ಇದ್ದಾನೆ ಎಂದು ಕರೆದರಂತೆ.

ಜಲಜಾಕ್ಷಿ ಫ್ರೀಜರಿನಿಂದ ಬಟಾಣಿಯ ಪ್ಯಾಕೆಟ್ಟು ತಂದು ಟವೆಲಿನಲ್ಲಿ ಸುತ್ತಿ ಹರಡಿನ ಮೇಲೆ ಇಟ್ಟಳು. ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು.

"ಯಾರು ಒದ್ದದ್ದು?"

"ಯಾರೂ ಇಲ್ಲ. ನಾನೇ ಬಿದ್ದೆ. ಹತ್ತು ನಿಮಿಷ ಓಡೋದಕ್ಕೆ ಆಗಲ್ಲ ಅಮ್ಮ, ಮುದುಕ ಆಗಿದ್ದೇನೆ."

"ಮುರಿದಿಲ್ಲ. ಎರಡು ವಾರ ಆಡ್ಬೇಡ," ಎಂದು ಗದರಿಸಿದಳು. ಗದರಿಸುವಾಗ ಮುಖ ಆ ಕಡೆ ತಿರುಗಿಸಿಕೊಳ್ಳಬೇಕಾಯಿತು, ನಗು ಕಾಣಬಾರದು ಎಂದು.

ಮೇಜಿನ ಮೇಲಿದ್ದ ಫೋನು ಸದ್ದು ಮಾಡಿತು. ಕಾರ್ಮಕನ ತಾಯಿಯ ಉತ್ತರ. ಉದ್ದದ್ದು, ಒಂದರ ಕೆಳಗೊಂದು ನಾಲ್ಕು ಮೆಸೇಜು. ಜಲಜಾಕ್ಷಿ ಕನ್ನಡಕ ಹಾಕಿಕೊಂಡು ಓದಿ ಮಗನ ಕಡೆ ನೋಡಿದಳು.

"ನಂಬರ್ ಕೊಟ್ಟಿದ್ದಾರಾ?" ಎಂದು ಸುಜಿತ್ ಕೇಳಿದ.

"ಕೊಟ್ಟಿದ್ದಾರೆ. ಈಗಲೇ ಮಾಡ್ತಿಯಾ?"

"ಹೋಗಿ ಎಂಟು ದಿನ ಆಗಿದೆ ಅಷ್ಟೇ. ಸ್ವಲ್ಪ ಸೆಟ್ಲ್ ಆಗ್ಲಿ ಲಾ," ಅಂದ ಅವನು. ಆದರೂ ಕೈ ಚಾಚಿ ಫೋನು ಇಸಿದುಕೊಂಡು ನಂಬರನ್ನು ತನ್ನದಕ್ಕೆ ಬರೆದುಕೊಂಡ.